ಹಿರಿಯರ ಮೂಳೆ, ನಮ್ಮ ಜವಾಬ್ದಾರಿ
(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣ)



ಹಿರಿಯರ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ ಅಂದಿದ್ದಾರೆ. ನಾನು ಮೂಳೆಯ ವಿಷಯ ಒಂದನ್ನೇ ಹೇಳುತ್ತೇನೆ. ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮವ್ವ 72ನೇ ವಯಸ್ಸಿನಲ್ಲಿ ಬಚ್ಚಲ ಹೊಸ್ತಿಲು ಎಡವಿ ಬಿದ್ದಳು. ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. ಅದಕ್ಕೆ ಎರಡು ವರ್ಷ ಮುಂಚೆ ಕೈ ಊರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಕಟ್ಟು ಹಾಕಿಸಿದೆವು, ವಾಸಿಯಾಯ್ತು, ಮರೆತೆವು. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನೂ ಮರೆತೆ. ನಿಂತಲ್ಲೇ ಬಿದ್ದು ಮೂಳೆ ಮುರಿದರೆ, ಒಳಗೆ ಅದು ಟೊಳ್ಳಾಗಿದೆ ಅಂತ ಅನುಮಾನ ಪಡಬೇಕಿತ್ತು.

ಇದಕ್ಕೆ ಡಾಕ್ಟರು ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ. ಮಂಡಿ ಸವೆಯೋದು ಬೇರೆ, ಇದು ಬೇರೆ. ಗೆದ್ದಲು ತಿಂದ ತೊಲೆ ಹೊರಗಿನಿಂದ ಗಟ್ಟಿಯಾಗೇ ಕಾಣುತ್ತಲ್ಲ, ಹಾಗೆ. ಮುರಿಯುವ ತನಕ ನೋವಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ವಯಸ್ಸಾದ ಗಂಡಸರಿಗೂ ಬರುತ್ತೆ, ಬೀಡಿ, ಕುಡಿತ ಇದ್ದರೆ ಇನ್ನೂ ಬೇಗ. ಉಬ್ಬಸಕ್ಕೆ, ಕೀಲುನೋವಿಗೆ ಸ್ಟೀರಾಯ್ಡ್ ಮಾತ್ರೆ ಬಹಳ ದಿನ ನುಂಗಿದವರಿಗೂ ಅಪಾಯ. ಅಜ್ಜಿ ಮೊದಲಿಗಿಂತ ಗಿಡ್ಡ ಆಗಿದ್ದಾಳೆ, ಬೆನ್ನು ಗೂನಾಗಿದೆ, ಭಾರ ಎತ್ತುವಾಗ ಬೆನ್ನು ಚಳಕ್ ಅಂತು ಅಂದರೆ ತೋರಿಸಿ.

ಇನ್ನೊಂದು ಮಾತು, ಕಾರ್ಯದರ್ಶಿಗಳು ಬೇಜಾರು ಮಾಡ್ಕೋಬಾರದು. ಕ್ಯಾನು ತುಂಬಿಸಿ ಡೈರಿಗೆ ಕಳಿಸ್ತೀವಿ, ಹಸು ಮೇಯಿಸಿದ ಅಜ್ಜಿಗೆ ಕರಿಕಾಫಿ ಕೊಡ್ತೀವಿ! ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣಾಂಶ ಬೇಕು. ಕಾಲು ಲೀಟರ್ ಹಾಲಿನಲ್ಲಿ ಸುಮಾರು 300, ನೂರು ಗ್ರಾಂ ರಾಗಿಯಲ್ಲಿ ಸುಮಾರು 350. ಅಳೆಯುವ ಮುಂಚೆ ಎರಡು ಲೋಟ ಮನೆಗೆ ಎತ್ತಿಡಿ. ಹಲ್ಲಿಲ್ಲದವರಿಗೆ ರಾಗಿ ಅಂಬಲಿ, ಮಜ್ಜಿಗೆ, ಮೆತ್ತಗೆ ಬೆಂದ ಬೇಳೆ, ನುಗ್ಗೆಸೊಪ್ಪು, ತಿನ್ನುವವರಿಗೆ ಮೊಟ್ಟೆ. ಕೈಕಾಲಿಗೆ ಬಿಸಿಲೂ ಬೀಳಲಿ.

ಮೂಳೆ ಗಟ್ಟಿ ಮಾಡೋಕೆ ತಿಂಗಳುಗಟ್ಟಲೆ ಬೇಕು, ಬೀಳದಂತೆ ಮಾಡೋಕೆ ಒಂದು ದಿನ ಸಾಕು. ಬಚ್ಚಲಿನ ಪಾಚಿ ಉಜ್ಜಿ. ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪು ಗಟ್ಟಿಯಾಗಿ ಕೂರಿಸಿ. ರಾತ್ರಿ ಮಂಚದಿಂದ ಪಾಯಿಖಾನೆ ತನಕ ಸಣ್ಣ ಬಲ್ಬು ಉರೀತಿರಲಿ. ಪೊರೆ ಬಂದ ಕಣ್ಣಿಗೆ ಆಪರೇಷನ್ ಮಾಡಿಸಿ. ಬಿ.ಪಿ. ಮಾತ್ರೆಗೆ ತಲೆ ಸುತ್ತಿದರೆ ಡಾಕ್ಟರಿಗೆ ಹೇಳಿ. ಹಸುವಿನ ಹಗ್ಗ ಅವರ ಕೈಗೆ ಕೊಡಬೇಡಿ, ಅದು ಒಂದು ಸಲ ಜಗ್ಗಿದರೆ ಸಾಕು. ತುಂಬಿದ ಬಿಂದಿಗೆಯೂ ಬೇಡ. ಹಾಗಂತ ಮಂಚದ ಮೇಲೇ ಕೂರಿಸಬೇಡಿ. ನಡೆಯದಿದ್ದರೆ ಮೂಳೆ ಇನ್ನೂ ಸೊರಗುತ್ತೆ.

ಕೆಲವರಿಗೆ ವಾರಕ್ಕೊಂದು ಮಾತ್ರೆ ಬರೆದುಕೊಡುತ್ತಾರೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿಸಿ ಅರ್ಧ ಗಂಟೆ ಮಲಗಲು ಬಿಡಬಾರದು. ಮಲಗಿದರೆ ಅನ್ನನಾಳ ಹುಣ್ಣಾಗುತ್ತೆ. ಕಾಫಿಯೂ ಆಮೇಲೆಯೇ.

ಬಿದ್ದವರ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಎಳೆಯಬೇಡಿ, ಎಣ್ಣೆ ಹಾಕಿ ಉಜ್ಜಬೇಡಿ, ಹಾಗೇ ಆಸ್ಪತ್ರೆಗೆ ಸಾಗಿಸಿ. ನಾವು ಹಾಗೆ ಮಾಡಲಿಲ್ಲ. "ಈ ವಯಸ್ಸಲ್ಲಿ ಕೊಯ್ಸೋದಾ?" ಅಂತ ನೆಂಟರು ಅಂದರು. ಎಣ್ಣೆ, ಕಟ್ಟು ಅಂತ ಐದು ದಿನ ಕಳೆದೆವು. ಅಷ್ಟರಲ್ಲಿ ಬೆನ್ನ ಕೆಳಗೆ ಹಾಸಿಗೆ ಹುಣ್ಣು. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ತಿರುಗಿಸಬೇಕು ಅಂತ ಗೊತ್ತಿದ್ದ ನಾನು, ನೋವಿಗೆ ಕೂಗಿಕೊಳ್ತಾಳೆ ಅಂತ ಮುಟ್ಟಲೇ ಇಲ್ಲ. ಆಪರೇಷನ್ ಆದ ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಿದರು. ಹುಣ್ಣು ಮಾಯೋಕೆ ಮಾತ್ರ ಮೂರು ತಿಂಗಳು ಹಿಡಿಯಿತು.

ಅವ್ವ ಆಮೇಲೆ ನಾಲ್ಕು ವರ್ಷ ಬದುಕಿದಳು. ವಾಕರ್ ಹಿಡಿದು ಕೊಟ್ಟಿಗೆ ತನಕ ಹೋಗಿ ಹಸುವಿನ ಗಂಗೆದೊಗಲು ಸವರಿ ಬರುತ್ತಿದ್ದಳು. ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂರೋಕೆ ಮಾತ್ರ ಆಗಲೇ ಇಲ್ಲ. ಬಚ್ಚಲ ಹೊಸ್ತಿಲು ಅವಳು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಒಡೆಸಿದ್ದೆವು.

ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಮನೆಯಲ್ಲಿ ಬಿದ್ದವರು, ಮಲಗಿದವರು ಇದ್ದರೆ ಬಂದು ಮಾತಾಡಿ.