ಶೋಕವೂ ಆಪ್ತಸಮಾಲೋಚನೆಯೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಆಪ್ತಸಮಾಲೋಚನೆ ಎಂಬ ಮಾತು ಈಗ ಆಸ್ಪತ್ರೆಗಳ ಗೋಡೆಗಳ ಮೇಲೆಯೂ ಸರಕಾರದ ಪ್ರಕಟನೆಗಳಲ್ಲಿಯೂ ಕಾಣಬರುತ್ತಿರುವುದಷ್ಟೆ. ಅನೇಕರು ಇದನ್ನು ಹೊರದೇಶದಿಂದ ಬಂದ ವಿದ್ಯೆಯೆಂದು ಬಗೆದು, ಬುದ್ಧಿ ಕೆಟ್ಟವರಿಗೆ ಮಾತ್ರವೇ ಬೇಕಾದುದೆಂದು ದೂರವಿಡುತ್ತಾರೆ. ಇದು ಸರಿಯಾದ ತಿಳಿವಳಿಕೆಯಲ್ಲ. ತರ್ಕಶಾಸ್ತ್ರವನ್ನು ಓದಿದವರು ಬಲ್ಲಂತೆ, ಆಪ್ತನೆಂದರೆ ಬರಿಯ ನಂಟನಲ್ಲ. ಇದ್ದುದನ್ನು ಇದ್ದಂತೆ ನುಡಿಯುವವನು. ಅಂತಹವನ ವಾಕ್ಯವೇ ಪ್ರಮಾಣವೆಂದು ಹಿರಿಯರು ಒಪ್ಪಿರುವರು. ಅಂತಹ ಒಬ್ಬನೊಡನೆ ಕುಳಿತು ತನ್ನ ಸಂಕಟವನ್ನು ಎಲ್ಲ ಮಗ್ಗುಲುಗಳಿಂದಲೂ ನೋಡುವುದೇ ಸಮಾಲೋಚನೆಯು. ಹೆಸರು ಹೊಸದಾದರೂ ಅರ್ಥವು ಹೊಸದಲ್ಲ. ಹೊಸದಾಗಿ ಸೇರಿರುವುದು ಅದರ ಶಿಸ್ತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳು ಇಂದು ಒಂದೇ ದಾವಣಗೆರೆ ಜಿಲ್ಲೆಗೆ ಸೇರಿದ್ದರೂ ಇವುಗಳ ಕಷ್ಟಗಳು ಒಂದೇ ಬಗೆಯವಲ್ಲ. 1997ರಲ್ಲಿ ಈ ಜಿಲ್ಲೆಯಾಗುವ ಮುನ್ನ ಹೊನ್ನಾಳಿ, ಚನ್ನಗಿರಿಗಳು ಶಿವಮೊಗ್ಗೆಗೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ನ್ಯಾಮತಿಯಂತೂ ಹೊನ್ನಾಳಿಯಿಂದ ಈಚೆಗೆ ಬೇರ್ಪಟ್ಟ ತಾಲ್ಲೂಕು. ಸೂಳೆಕೆರೆಯ ಆಸರೆಯುಳ್ಳ ಚನ್ನಗಿರಿಯ ಸೀಮೆಯಲ್ಲಿ ಅಡಕೆಯ ಬೆಲೆ ಇಳಿದರೆ ಮನೆಯ ದೀಪವೇ ಮಂಕಾಗುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ ನೀರು ಹೆಚ್ಚಾದರೆ ಭಯ. ಜಗಳೂರಿನಲ್ಲಿ ನೀರಿಲ್ಲದುದೇ ಭಯ. ಕೊರೆಸಿದ ಬಾವಿ ಬತ್ತುತ್ತದೆ, ಸಾಲವು ಬತ್ತುವುದಿಲ್ಲ. ಸಂಕಟದ ಹುಟ್ಟನ್ನರಿಯದೆ ಎಲ್ಲರಿಗೂ ಒಂದೇ ಸಮಾಧಾನವನ್ನು ಹೇಳುವವನು, ನಾಡಿಯನ್ನು ಹಿಡಿಯದೆ ಮದ್ದು ಕೊಡುವ ವೈದ್ಯನಿಗೆ ಸಮಾನನು.

ಶೋಕದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಮನೆಯ ಯಜಮಾನನು ಲಿಂಗೈಕ್ಯನಾದಾಗ ಊರೆಲ್ಲವೂ ಬಂದು ನಿಲ್ಲುತ್ತದೆ. ಸಮಾಧಿಯ ಕ್ರಿಯೆಗೆ, ಶಿವಗಣಾರಾಧನೆಗೆ ಯಾರೂ ಕರೆಸಿಕೊಳ್ಳದೆಯೇ ಬರುತ್ತಾರೆ. ಇದು ನಮ್ಮ ಹಳ್ಳಿಗಳ ದೊಡ್ಡತನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆರಾಧನೆಯ ಪಂಕ್ತಿಯೆದ್ದ ಮೇಲೆ ಬಂದವರೆಲ್ಲರೂ ತಮ್ಮ ಹೊಲಗದ್ದೆಗಳಿಗೆ ಹಿಂದಿರುಗುವರು; ಆ ಮನೆಯ ಹೆಣ್ಣುಮಗಳ ಕಷ್ಟವು ನಿಜವಾಗಿ ಮೊದಲಾಗುವುದು ಆಗಲೇ. ಬೆಳಗ್ಗೆ ಎರಡು ಲೋಟ ಕಾಸುವ ಅಭ್ಯಾಸದಿಂದ ಕೈ ಎರಡನೆಯ ಲೋಟಕ್ಕೆ ಹೋಗುತ್ತದೆ. ಬ್ಯಾಂಕಿನ ಪುಸ್ತಕ ಯಾರ ಹೆಸರಿನಲ್ಲಿದೆ, ಪಹಣಿಯನ್ನು ಯಾರ ಹೆಸರಿಗೆ ಮಾಡಿಸಬೇಕು ಎಂಬುದು ಅವಳಿಗೆ ತಿಳಿಯದು. ಇಂತಹ ಹೊತ್ತಿನಲ್ಲಿ, "ಲಿಂಗೈಕ್ಯರಾದವರಿಗೆ ಅಳುವುದುಂಟೇ, ತಾಯಿ?" ಎಂದು ತಿಳಿದವರೇ ಹೇಳಿಬಿಡುವುದುಂಟು. ಮಾತು ಶಾಸ್ತ್ರಸಮ್ಮತವಾದುದೇ, ಆದರೆ ಅಕಾಲದಲ್ಲಿ ಆಡಿದುದು. ಅಳುವಿಗೆ ಎಡೆ ಸಿಕ್ಕದವಳು ಅಳುವುದನ್ನು ಬಿಡುವುದಿಲ್ಲ. ಮರೆಯಲ್ಲಿ ಅಳುತ್ತಾಳೆ, ಅದರೊಡನೆ ತನ್ನ ಭಕ್ತಿಯೇ ಕಡಿಮೆಯಾಯಿತೆಂಬ ನಾಚಿಕೆಯನ್ನೂ ಹೊರುತ್ತಾಳೆ. ತತ್ತ್ವವು ಸಾಂತ್ವನವಾಗುವುದು ಕೇಳುವವರು ಅದನ್ನು ತಾವಾಗಿ ಬಯಸಿದಾಗ.

2020 ಮತ್ತು 2021ರ ಕೋವಿಡ್ ಪಿಡುಗಿನಲ್ಲಿ ಈ ಆಸರೆಯೂ ತಪ್ಪಿತು. ಎಷ್ಟೋ ಮನೆಯವರು ತಮ್ಮವರ ಮುಖವನ್ನು ನೋಡಲಿಲ್ಲ, ವಿಭೂತಿ ಧರಿಸಿ ಕುಳ್ಳಿರಿಸುವ ಕ್ರಿಯೆಯು ನಡೆಯಲಿಲ್ಲ, ಜನ ಸೇರಲಿಲ್ಲ. ಹಾಗೆ ಅರ್ಧಕ್ಕೆ ನಿಂತ ದುಃಖವು ಹಲವರಲ್ಲಿ ವರ್ಷಗಳಾದರೂ ಹಾಗೆಯೇ ನಿಂತಿರುವುದು ಆಶ್ಚರ್ಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ಆರು ತಿಂಗಳು ಕಳೆದರೂ ಕುಂದದೆ, ಆಯಾ ಸಮಾಜದ ರೂಢಿಯನ್ನೂ ಮೀರಿ, ದಿನದ ಕೆಲಸವನ್ನೇ ನಿಲ್ಲಿಸಿಬಿಡುವ ಶೋಕವನ್ನು ಪ್ರತ್ಯೇಕವಾಗಿ ಗುರುತಿಸಿದೆ. ಆದುದರಿಂದ ಪ್ರತಿಯೊಬ್ಬ ದುಃಖಿಯೂ ರೋಗಿಯಲ್ಲ. ಆದರೆ ಕೆಲವರಿಗೆ ನೆರವು ಬೇಕೇ ಬೇಕು.

ಆಪ್ತಸಮಾಲೋಚಕನು ಮಾಡುವುದೇನು? ಮೊದಲು ಕೇಳುತ್ತಾನೆ. ಕೇಳಿದುದನ್ನು ಹೊರಗೆ ಆಡುವುದಿಲ್ಲ. ಈ ಗುಟ್ಟಿನ ನಿಯಮವಿಲ್ಲದಿದ್ದರೆ ಹಳ್ಳಿಯಲ್ಲಿ ಯಾರೂ ಬಾಯಿ ತೆರೆಯರು. ಹೀಗೆ ಮಾಡು, ಹಾಗೆ ಮಾಡು ಎಂದು ಅಪ್ಪಣೆ ಕೊಡುವುದಿಲ್ಲ. ಅರ್ಬುದರೋಗದ ಸುದ್ದಿ ತಿಳಿದವನಿಗೆ, ಕಾಯಿಲೆಯ ಭಯ ಯಾವುದು, ಖರ್ಚಿನ ಭಯ ಯಾವುದು, ಮಕ್ಕಳ ಚಿಂತೆ ಯಾವುದು ಎಂದು ಬಿಡಿಸಿಕೊಳ್ಳಲು ಜೊತೆಗಿರುತ್ತಾನೆ. ಗಂಟನ್ನು ಬಿಡಿಸಿದ ಮೇಲೆ ಎಳೆಗಳು ಉಳಿಯುತ್ತವೆ, ನಿಜ; ಆದರೆ ಎಳೆಯನ್ನು ಒಂದೊಂದಾಗಿ ಹಿಡಿಯಬಹುದು. ಕೆಲಸದಿಂದ ನಿವೃತ್ತನಾದವನಿಗೂ, ಮಗನು ಬೆಂಗಳೂರು ಸೇರಿದ ಮೇಲೆ ಒಂಟಿಯಾದ ತಂದೆತಾಯಿಗಳಿಗೂ ಇದೇ ಕ್ರಮವು.

ಸಾಯಬೇಕೆನ್ನುವವರ ವಿಷಯದಲ್ಲಿ ಒಂದು ಮೂಢನಂಬಿಕೆಯುಂಟು: ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದೆಂದು. ಹಾಗಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳುತ್ತಾರೆ; ಮೆಲ್ಲಗೆ, ನೇರವಾಗಿ ಕೇಳಿದರೆ ಎದೆಯ ಭಾರ ಇಳಿಯುತ್ತದೆ. ಪೋಲೀಸರ ಹೆದರಿಕೆಯಿಂದ ಮುಚ್ಚಿಡುವುದೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಅಂತಹವನನ್ನು ತೀವ್ರ ಮನೋವ್ಯಥೆಗೆ ಒಳಗಾದವನೆಂದೇ ಭಾವಿಸಿ, ಆರೈಕೆ ಕೊಡುವುದು ಸರಕಾರದ ಕರ್ತವ್ಯವೆಂದು ವಿಧಿಸಿದೆ.

ಈ ನೆರವು ಹಳ್ಳಿಗೆ ಬರಲಾರದೆಂಬುದು ಹಳೆಯ ಆಕ್ಷೇಪವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯಲ್ಲಿ, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವಿತ್ತು ಅದನ್ನು ಸುಳ್ಳಾಗಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ದಾವಣಗೆರೆ ಜಿಲ್ಲೆಯ ಗ್ರಾಮಗಳಲ್ಲಿ 2016ರಿಂದ ಲಿವ್ ಲವ್ ಲಾಫ್ ಪ್ರತಿಷ್ಠಾನವು, ಅಂಗವಿಕಲರ ಸೇವೆಗೆ ಹೆಸರಾದ ಎ.ಪಿ.ಡಿ. ಸಂಸ್ಥೆಯೊಡಗೂಡಿ, ಮನೋರೋಗಿಗಳಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ನೆರವಾಗುವ ಕಾರ್ಯವನ್ನು ಕೈಗೊಂಡಿತು. ನೋಡಿಕೊಳ್ಳುವವರನ್ನು ಮರೆಯದಿದ್ದುದೇ ಇದರ ವಿಶೇಷವು. ರೋಗಿಗಿಂತ ಮೊದಲು ಬಸವಳಿಯುವವಳು ಸಾಮಾನ್ಯವಾಗಿ ತಾಯಿಯೇ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿಯ ಸೇವೆಯೂ ಉಂಟು; 14416 ಎಂಬ ಸಂಖ್ಯೆಗೆ ಹಗಲಿರುಳೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಒಂದು ಎಚ್ಚರಿಕೆ. ಇಲ್ಲದ ಧ್ವನಿಗಳು ಕೇಳಿಸುವವನಿಗೆ, ವಾರಗಟ್ಟಲೆ ನಿದ್ರೆಯಿಲ್ಲದವನಿಗೆ ಮಾತೊಂದೇ ಸಾಲದು. ವೈದ್ಯನೂ ಔಷಧವೂ ಬೇಕು. ಹರಕೆ ಹೊತ್ತವರು ಹರಕೆಯನ್ನು ತೀರಿಸಲಿ, ಗುಳಿಗೆಯನ್ನೂ ನುಂಗಲಿ. ಮಠಕ್ಕೆ ಕರೆತಂದ ರೋಗಿಯನ್ನು ವಿಭೂತಿಯಿಟ್ಟು ಹರಸಿದ ಕೈಯೇ ತಾಲ್ಲೂಕು ಆಸ್ಪತ್ರೆಯ ದಾರಿಯನ್ನು ತೋರಿಸಿದರೆ ಮನೆಯವರು ಅನುಮಾನಿಸದೆ ಹೋಗುವರು. ಈ ಮಾತಿಗಿರುವ ಬಲವು ಸರಕಾರದ ಭಿತ್ತಿಪತ್ರಕ್ಕಿಲ್ಲ.

ಮಠಕ್ಕೆ ಸಾಧ್ಯವಾದ ಕೆಲಸವು ಬಹಳ ದೊಡ್ಡದೇನಲ್ಲ. ಆರಾಧನೆ ಮುಗಿದ ತಿಂಗಳ ಮೇಲೊಮ್ಮೆ, ಮೂರು ತಿಂಗಳ ಮೇಲೊಮ್ಮೆ, ವರ್ಷದ ದಿನದಂದೊಮ್ಮೆ ಯಾರಾದರೂ ಇಬ್ಬರು ಆ ಮನೆಗೆ ಹೋಗಿ ಬರುವುದು. ಅಮಾವಾಸ್ಯೆಯ ದಾಸೋಹದ ದಿನ ಮಠದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯನ್ನು ತೆರವಾಗಿಡುವುದು. ಊರೂರಿನಿಂದ, ಬಾಯಿ ಬಿಗಿಯಾಗಿರುವ ಇಬ್ಬರು ಹೆಂಗಸರನ್ನೂ ಒಬ್ಬ ಗಂಡಸನ್ನೂ ಆರಿಸಿ, ತಿಳಿದವರಿಂದ ಶಿಕ್ಷಣ ಕೊಡಿಸುವುದು. ಹೆಂಗಸರು ಇಬ್ಬರೇಕೆಂದರೆ, ಕೋಣೆಯ ಹೊರಗೆ ಕಾಯುವವರಲ್ಲಿ ಹೆಚ್ಚಿನವರು ಹೆಂಗಸರೇ ಆಗಿರುತ್ತಾರೆ.