ನಂದಿ ಬೆಟ್ಟಕ್ಕೆ ಬಂದಿದ್ದ ನೆರೆಯವರು



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ನೆರೆಯ ದೇಶಗಳ ವಿಷಯ ಯಾಕೆ ಎತ್ತುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಕಾರಣ, ಈ ಮೈದಾನದಿಂದ ಕಾಣುವ ನಂದಿ ಬೆಟ್ಟ. ಸಮಾಜ ವಿಜ್ಞಾನದ ಮೇಷ್ಟ್ರು ಸಾರ್ಕ್ ಪಾಠ ಮಾಡುವಾಗ ಕಿಟಕಿಯತ್ತ ಕೈ ತೋರಿಸಿ, “ಅಗೋ, ಅಲ್ಲಿಗೇ ಬಂದಿದ್ದರು ಕಣ್ರೋ” ಎಂದಿದ್ದರು. ನಾವು ನಂಬಿರಲಿಲ್ಲ.

ಅದು ನಿಜವೇ. 1985ರಲ್ಲಿ ಢಾಕಾದಲ್ಲಿ ಹುಟ್ಟಿದ ಸಾರ್ಕ್‌ನ ಎರಡನೇ ಶೃಂಗಸಭೆ 1986ರ ನವೆಂಬರ್ 16, 17ರಂದು ಬೆಂಗಳೂರಿನಲ್ಲಿ ನಡೆಯಿತು. ನಮ್ಮ ಗ್ರಾಮಾಂತರ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ರಾಜೀವ್ ಗಾಂಧಿ, ಪಾಕಿಸ್ತಾನದ ಜುನೇಜೊ, ಶ್ರೀಲಂಕಾದ ಜಯವರ್ಧನೆ, ಬಾಂಗ್ಲಾದ ಎರ್ಷಾದ್, ನೇಪಾಳ, ಭೂತಾನ್‌ಗಳ ದೊರೆಗಳು, ಮಾಲ್ಡೀವ್ಸ್‌ನ ಗಯೂಮ್ ಎಲ್ಲರೂ ಸೇರಿದ್ದರು. ನಂದಿಗೂ ಹೋಗಿ ಕೂತು ಮಾತಾಡಿದರು. ಕಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯಲು ಸಹಿ ಬಿದ್ದದ್ದು ಬೆಂಗಳೂರಿನಲ್ಲೇ.

ಆದರೆ 2014ರ ನಂತರ ಶೃಂಗಸಭೆಯೇ ನಡೆದಿಲ್ಲ. 2016ರಲ್ಲಿ ಉರಿ ದಾಳಿಯ ಬಳಿಕ ಭಾರತ ಇಸ್ಲಾಮಾಬಾದಿನ ಸಭೆಗೆ ಬರುವುದಿಲ್ಲ ಎಂದಿತು. ನಮ್ಮ ಸೈನಿಕರು ಸತ್ತಿದ್ದಾಗ ಹಾಗೆ ಅಂದದ್ದು ನನಗೆ ತಪ್ಪೆನಿಸುವುದಿಲ್ಲ. ತೊಡಕು ಸಾರ್ಕ್‌ನ ನಿಯಮದಲ್ಲೇ ಇದೆ. ಯಾವ ತೀರ್ಮಾನಕ್ಕೂ ಎಲ್ಲರೂ ಒಪ್ಪಬೇಕು; ಇಬ್ಬರ ನಡುವಿನ ಜಗಳವನ್ನು ಮಾತ್ರ ಅಲ್ಲಿ ಎತ್ತುವಂತಿಲ್ಲ. ಎರಡು ಮನೆಯವರು ಮಾತು ಬಿಟ್ಟರೆ ಇಡೀ ಊರಿನ ಜಾತ್ರೆ ನಿಂತ ಹಾಗಾಯಿತು.

ಭಾರತ ಬೇರೆ ದಾರಿಗಳನ್ನೂ ಹಿಡಿದಿದೆ. 2017ರ ಮೇ 5ರಂದು ಇಸ್ರೊ ದಕ್ಷಿಣ ಏಷ್ಯಾ ಉಪಗ್ರಹ ಹಾರಿಸಿತು. ಪಾಕಿಸ್ತಾನ ಬೇಡವೆಂದಿತ್ತು, ಉಳಿದ ನೆರೆಯವರಿಗಾಗಿ ಅದು ಮೇಲೇರಿತು. 2022ರಲ್ಲಿ ಶ್ರೀಲಂಕಾದ ಬೊಕ್ಕಸ ಬರಿದಾದಾಗ ಸಾಲ, ಡೀಸೆಲ್, ಔಷಧಿ ಎಲ್ಲ ಸೇರಿ ಸುಮಾರು 400 ಕೋಟಿ ಡಾಲರ್ ನೆರವು ಹೋಯಿತು.

ಆ ವರ್ಷ ನಮ್ಮ ತಂಡದಲ್ಲಿ ಕೊಲಂಬೊದ ಹುಡುಗನೊಬ್ಬ ಇದ್ದ. ಪೆಟ್ರೋಲ್ ಸಾಲಿನಲ್ಲಿ ಸ್ಕೂಟರ್ ಮೇಲೆ ಕೂತೇ ಮೊಬೈಲಿನಲ್ಲಿ ಮೀಟಿಂಗ್‌ಗೆ ಬರುತ್ತಿದ್ದ. ಒಮ್ಮೆ ಕೆಲಸ ತಡವಾಯಿತೆಂದು ಎಲ್ಲರೆದುರು ಅವನ ಮೇಲೆ ರೇಗಿಬಿಟ್ಟೆ. “ಮನೆಗೆ ಕರೆಂಟ್ ಬಂದು ಅರ್ಧ ಗಂಟೆಯಾಯಿತು” ಎಂದ, ಅಷ್ಟೇ. ಸೀಮೆಎಣ್ಣೆ ದೀಪದಲ್ಲಿ ಎಸ್ಸೆಸ್ಸೆಲ್ಸಿಗೆ ಓದಿದ ನಾನೇ ಅದನ್ನು ಕೇಳಲು ಮರೆತಿದ್ದೆ. ಮಾರನೆಯ ದಿನ ಕ್ಷಮೆ ಕೇಳಿದೆ. ಕೆಲವು ವಾರಗಳ ಮೇಲೆ ಅವನೇ ಫೋನ್ ಮಾಡಿ, ನಿಮ್ಮ ದೇಶದ ಡೀಸೆಲ್ ಹಡಗು ಬಂತಂತೆ ಎಂದು ನಕ್ಕ.

ಮುಂದಿನ ತಿಂಗಳು ಅವನು ಬರುತ್ತಿದ್ದಾನೆ. ದೇವನಹಳ್ಳಿಯಲ್ಲಿ ಇಳಿದವನನ್ನು ಮೊದಲು ನಂದಿಗೆ ಕರೆದೊಯ್ಯುತ್ತೇನೆ, ಆಮೇಲೆ ಈ ಶಾಲೆಗೆ. ಮೇಷ್ಟ್ರೇ, ಆ ದಿನ ತಾವು ಊರಲ್ಲಿರಬೇಕು.