ಮಾತ್ರೆಯ ಅರ್ಥ, ಮಾತ್ರೆಯ ಅಳತೆ



ವಾರ್ಷಿಕೋತ್ಸವದ ವೇದಿಕೆಯಲ್ಲಿ ಕನ್ನಡದ ಅಧ್ಯಾಪಕರು ನಿಂತರೆ ಪಂಪ ರನ್ನರ ಮಾತು ಬರುವುದೆಂದು ತಾವು ನಿರೀಕ್ಷಿಸುವುದು ಸಹಜವೇ. ಆದರೆ ಇಂದು ನಾವು ಔಷಧದ ಗುಳಿಗೆಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ನಾವು ವೈದ್ಯರಲ್ಲ. ಅರ್ಥವನ್ನು ತಿಳಿಸುವುದು ನಮ್ಮ ವೃತ್ತಿ. ಅರ್ಥವರಿಯದೆ ಪದ್ಯವನ್ನು ಕಂಠಪಾಠ ಮಾಡಿದರೆ ಹೆಚ್ಚಿನ ಹಾನಿಯಿಲ್ಲ. ಅರ್ಥವರಿಯದೆ ಗುಳಿಗೆಯನ್ನು ನುಂಗಿದರೆ ಹಾನಿಯುಂಟು.

ಮಿರಜ ಪಟ್ಟಣವು ವೈದ್ಯಕ್ಕೆ ಹೆಸರಾದ ಊರು. 1894ರಲ್ಲಿ ಡಾಕ್ಟರ್ ವಿಲಿಯಂ ವಾನ್ಲೆಸ್ ಅವರು ಇಲ್ಲಿ ಆಸ್ಪತ್ರೆಯನ್ನು ಸ್ಥಾಪಿಸಿದರು. 1962ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾಯಿತು. ಅಂದಿನಿಂದ ಇಂದಿನವರೆಗೆ ಅಥಣಿ, ಕಾಗವಾಡ, ರಾಯಬಾಗ, ಜಮಖಂಡಿ, ವಿಜಯಪುರಗಳ ಕಡೆಯಿಂದಲೂ ನಮ್ಮದೇ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳಿಂದಲೂ ಕನ್ನಡಿಗರು ಗುಣವಾಗುವ ಆಸೆಯಿಂದ ಇಲ್ಲಿಗೆ ಬರುತ್ತಿದ್ದಾರೆ. ಅವರ ಕೈಗೆ ಬರುವ ಚೀಟಿ ಇಂಗ್ಲಿಷಿನದು, ಅಂಗಡಿಯಲ್ಲಿ ಕೇಳುವ ಮಾತು ಮರಾಠಿಯದು, ಮನೆಯಲ್ಲಿ ಔಷಧ ಕೊಡುವ ತಾಯಿಯ ಭಾಷೆ ಕನ್ನಡ. ಈ ಮೂರರ ನಡುವೆ ಅರ್ಥವು ಕೆಲವೊಮ್ಮೆ ದಾರಿ ತಪ್ಪುತ್ತದೆ.

ಒಂದು ಉದಾಹರಣೆ. ಅಂಗಡಿಯವರು ‘ಉಪಾಶೀ ಪೋಟೀ’ ಎನ್ನುತ್ತಾರೆ. ಮರಾಠಿಯಲ್ಲಿ ಅದರ ಅರ್ಥ ಬರಿಯ ಹೊಟ್ಟೆಯಲ್ಲಿ ಎಂದು. ಊಟಕ್ಕೆ ಒಂದು ತಾಸು ಮೊದಲು ಅಥವಾ ಊಟವಾದ ಎರಡು ತಾಸಿನ ಮೇಲೆ ಎಂದು ತಿಳಿಯಬೇಕು. ಕನ್ನಡದ ಕಿವಿಗೆ ಅದು ಉಪವಾಸವೆಂದು ಕೇಳಿಸಬಹುದು. ಮೊದಲೇ ಬಳಲಿದ ರೋಗಿಯು ದಿನವಿಡೀ ಉಣ್ಣದೆ ಕುಳಿತರೆ ಗತಿಯೇನು? ಚೀಟಿಯ ಮೇಲಿನ 1-0-1 ಎಂಬ ಅಂಕೆಗಳೂ ಹಾಗೆಯೇ. ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಯಾರಾದರೂ ಬಿಡಿಸಿ ಹೇಳಬೇಕಲ್ಲವೇ?

ಈ ಗುಳಿಗೆಗಳಲ್ಲಿ ಆ್ಯಂಟಿಬಯಾಟಿಕ್ ಎಂಬ ವರ್ಗವು ವಿಶೇಷ ಎಚ್ಚರವನ್ನು ಬೇಡುತ್ತದೆ. ಕನ್ನಡದಲ್ಲಿ ಇದನ್ನು ಪ್ರತಿಜೀವಕವೆನ್ನುವರು, ಮರಾಠಿಯಲ್ಲಿ ಪ್ರತಿಜೈವಿಕ. ಇದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಥವಾ ಅವು ಬೆಳೆಯದಂತೆ ತಡೆಯುತ್ತದೆ. ನೆಗಡಿ, ಫ್ಲೂ ಮೊದಲಾದವು ವೈರಸ್ಸಿನಿಂದ ಬರುವುದರಿಂದ ಅವುಗಳ ಮೇಲೆ ಇದರ ಆಟ ನಡೆಯದು. 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಮಹಾಶಯರು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಎಚ್ಚರಿಸಿದ್ದರು: ಅರೆ ಪ್ರಮಾಣದ ಔಷಧವು ರೋಗಾಣುಗಳನ್ನು ಕೊಲ್ಲದೆ, ಔಷಧವನ್ನು ಎದುರಿಸಲು ಅವುಗಳಿಗೆ ಕಲಿಸಿಕೊಡುವುದೆಂದು. ‘ನನ್ನ ಮೈಗೆ ಆ ಗುಳಿಗೆ ಒಗ್ಗಿಹೋಗಿದೆ’ ಎನ್ನುವವರುಂಟು. ಒಗ್ಗುವುದು ಮೈಗಲ್ಲ, ರೋಗಾಣುವಿಗೆ. ಅಂತಹ ರೋಗಾಣು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟುತ್ತದೆ. ಆದುದರಿಂದ ಒಂದು ಮನೆಯ ಅಜಾಗ್ರತೆಯು ಊರಿಗೇ ಕೇಡು.

ನಮ್ಮ ಛಂದಶ್ಶಾಸ್ತ್ರದಲ್ಲಿ ಮಾತ್ರೆಯೆಂದರೆ ಉಚ್ಚಾರಣೆಯ ಕಾಲದ ಅಳತೆ. ಲಘುವಿಗೆ ಒಂದು, ಗುರುವಿಗೆ ಎರಡು. ಒಂದು ಹೆಚ್ಚಾದರೂ ಕಡಿಮೆಯಾದರೂ ಛಂದೋಭಂಗ. ಔಷಧದ ಮಾತ್ರೆಗೂ ಪ್ರಮಾಣವುಂಟು, ಕಾಲವುಂಟು. ದಿನಕ್ಕೆ ಮೂರು ಸಲವೆಂದರೆ ಸುಮಾರು ಎಂಟು ತಾಸಿಗೊಮ್ಮೆ. ಮುಂಜಾನೆಯ ಚಹದೊಡನೆ ಒಂದು, ಮಧ್ಯಾಹ್ನ ಒಂದು, ಸಂಜೆಯೊಳಗೆ ಮತ್ತೊಂದು ನುಂಗಿ ಮುಗಿಸಿದರೆ, ರಾತ್ರಿಯೆಲ್ಲ ರಕ್ತದಲ್ಲಿ ಔಷಧದ ಬಲ ಕುಗ್ಗಿ ರೋಗಾಣುಗಳಿಗೆ ಬಿಡುವು ದೊರೆಯುತ್ತದೆ. ಒಂದು ಹೊತ್ತು ಮರೆತರೆ ನೆನಪಾದೊಡನೆ ತೆಗೆದುಕೊಳ್ಳಬೇಕು. ಮುಂದಿನ ಹೊತ್ತು ಸಮೀಪಿಸಿದ್ದರೆ ಮರೆತದ್ದನ್ನು ಬಿಟ್ಟುಬಿಡಬೇಕು. ಎರಡನ್ನು ಕೂಡಿಸಿ ನುಂಗಕೂಡದು.

ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಣಯಿಸಬೇಕು. ಕೆಲವು ಬೇನೆಗಳಿಗೆ ಮೂರು ಅಥವಾ ಐದು ದಿನ ಸಾಕು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಬೇಕು. ಜ್ವರವಿಳಿಯಿತೆಂದು ನಾವೇ ನಿಲ್ಲಿಸುವುದೂ, ಉಳಿದುದನ್ನು ಮುಂದಿನ ಕೆಮ್ಮಿಗೆಂದು ಗೂಡಿನಲ್ಲಿಡುವುದೂ, ನೆರೆಮನೆಯವರಿಗೆ ದಾನ ಮಾಡುವುದೂ ಸಲ್ಲದು. ದಾನಗಳಲ್ಲೆಲ್ಲ ಇದೊಂದು ಪುಣ್ಯವಿಲ್ಲದ ದಾನ.

ಗುಳಿಗೆ ಉಷ್ಣವೆಂದು ಹಾಲಿನೊಡನೆ ಕೊಡುವ ರೂಢಿ ನಮ್ಮ ಮನೆಗಳಲ್ಲಿದೆ. ಇದರ ಹಿಂದೆ ತಾಯಂದಿರ ಅಂತಃಕರಣವಿದೆ, ಆದರೆ ಅಪಾಯವೂ ಇದೆ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಮೊದಲಾದವನ್ನು ಹಾಲಿನ ಸುಣ್ಣದ ಅಂಶವು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಕಬ್ಬಿಣದ ಗುಳಿಗೆ, ಆಮ್ಲಪಿತ್ತದ ಔಷಧಗಳೂ ಹಾಗೆಯೇ. ನೀರೇ ಉತ್ತಮ. ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲನ್ನು ತುಂಬು ಲೋಟ ನೀರಿನೊಡನೆ ನುಂಗಿ ಅರ್ಧ ತಾಸಾದರೂ ನೆಟ್ಟಗೆ ಕುಳಿತಿರಬೇಕು. ಕೂಡಲೇ ಮಲಗಿದರೆ ಅದು ಅನ್ನನಾಳದಲ್ಲಿ ನಿಂತು ಹುಣ್ಣು ಮಾಡೀತು. ವೈದ್ಯರನ್ನು ಕೇಳದೆ ಕ್ಯಾಪ್ಸೂಲನ್ನು ಬಿಚ್ಚುವುದೂ ಗುಳಿಗೆಯನ್ನು ಅರೆಯುವುದೂ ಬೇಡ.

ಹಿಂದೆ ಪೆನಿಸಿಲಿನ್ ಒಗ್ಗದಿದ್ದವರು, ಬಸುರಿಯರು, ಹಾಲೂಡಿಸುವವರು, ಬೇರೆ ಔಷಧ ಸೇವಿಸುತ್ತಿರುವವರು ಮೊದಲೇ ಹೇಳತಕ್ಕದ್ದು. ಗುಳಿಗೆ ನುಂಗಿದ ಮೇಲೆ ಮೈಮೇಲೆ ದದ್ದು ಎದ್ದರೆ ಮುಂದಿನ ಗುಳಿಗೆಗೆ ಮೊದಲು ವೈದ್ಯರನ್ನು ಕೇಳಬೇಕು. ತುಟಿ ಮುಖ ಬಾತರೆ, ಉಸಿರು ಕಟ್ಟಿದರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು. ಭೇದಿ ಬಲವಾದರೆ, ಮಲದಲ್ಲಿ ರಕ್ತ ಕಂಡರೆ ವೈದ್ಯರಿಗೆ ತಿಳಿಸಬೇಕು.

ಔಷಧದ ಪಟ್ಟಿಯ ಮೇಲೆ ಉದ್ದಕ್ಕೆ ಎಳೆದ ಕೆಂಪು ಗೆರೆಯನ್ನು ತಾವು ಕಂಡಿರಬಹುದು. ವೈದ್ಯರ ಚೀಟಿಯಿಲ್ಲದೆ ಇದನ್ನು ಸೇವಿಸಬಾರದೆಂಬುದೇ ಅದರ ಅರ್ಥ. 2016ರಲ್ಲಿ ಭಾರತ ಸರಕಾರವು ಇದನ್ನು ಜನರಿಗೆ ತಿಳಿಸುವ ಪ್ರಚಾರವನ್ನು ಕೈಗೊಂಡಿತು. ಓದು ಬಾರದವರೂ ಗುರುತಿಸಬಲ್ಲ ಅಕ್ಷರವಿದು.

ಕೊನೆಯದಾಗಿ ಸಂಘಕ್ಕೊಂದು ಬಿನ್ನಹ. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸುವುದೆಂದರೆ ನಾಟಕ, ನಾಡಗೀತ, ಸನ್ಮಾನಗಳಷ್ಟೇ ಅಲ್ಲ. ಯಾವ ಗುಳಿಗೆ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ, ಊಟದ ಮೊದಲೋ ಆಮೇಲೋ ಎಂಬ ನಾಲ್ಕು ಪ್ರಶ್ನೆಗಳನ್ನು ಕನ್ನಡ ಮರಾಠಿಗಳೆರಡರಲ್ಲೂ ಅಚ್ಚು ಮಾಡಿಸಿ ಹಂಚೋಣ. ಎರಡೂ ಭಾಷೆ ಬಲ್ಲ ನಮ್ಮ ವಿದ್ಯಾರ್ಥಿಗಳು ಅಜ್ಜ ಅಜ್ಜಿಯರ ಬಳಿ ಕುಳಿತು ಚೀಟಿಯನ್ನು ಓದಿ ಹೇಳಲಿ. ಸಂದೇಹ ಬಂದರೆ ಊಹಿಸದೆ ವೈದ್ಯರನ್ನೇ ಕೇಳಲಿ. ದೂರದಿಂದ ಬಂದ ರೋಗಿಯು ತನ್ನ ತಾಯಿನುಡಿಯಲ್ಲಿ ಔಷಧದ ಕ್ರಮವನ್ನು ತಿಳಿದುಕೊಂಡು ಊರಿಗೆ ಮರಳಿದರೆ, ಅದಕ್ಕಿಂತ ಮಿಗಿಲಾದ ಕನ್ನಡ ಸೇವೆ ಬೇರಿಲ್ಲ.